ಓದುಗರ ಪ್ರಶ್ನೆ: ಸ್ಕಾಟ್‌ಲೆಂಡ್‌ನ ಕಿರುದಾರಿಗಳಲ್ಲಿ ಇಬ್ಬರೇ ಒಂದು ವಾರ

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ ದಂಪತಿ. ಮೇ ತಿಂಗಳ ಕೊನೆಯಲ್ಲಿ ಎಡಿನ್‌ಬರೋದಲ್ಲಿರುವ ಮಗನ ಮನೆಗೆ ಹೋಗುವವರಿದ್ದೇವೆ. ಅವನಿಗೆ ರಜೆ ಸಿಗದ ಕಾರಣ ಏಳು ದಿನ ನಾವಿಬ್ಬರೇ ಬಾಡಿಗೆ ಕಾರಿನಲ್ಲಿ ಅಲ್ಲಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್ ಸುತ್ತಬೇಕೆಂದಿದ್ದೇವೆ. ‘ನಾರ್ತ್ ಕೋಸ್ಟ್ 500’ ಎಂಬ ಸುತ್ತನ್ನು ಪೂರ್ತಿ ಮಾಡಿ ಸ್ಕೈ ದ್ವೀಪವನ್ನೂ ನೋಡಬೇಕೆಂಬುದು ನನ್ನ ಶ್ರೀಮತಿಯ ಆಸೆ. ಏಳು ದಿನ ಸಾಕಾಗುತ್ತದೆಯೇ?

ಉತ್ತರ: ಸಾಲದು. ನಾರ್ತ್ ಕೋಸ್ಟ್ 500 ಎಂಬುದು ಇನ್ವರ್ನೆಸ್ ಕೋಟೆಯಿಂದ ಹೊರಟು, ಉತ್ತರದ ಕಡಲಂಚನ್ನು ಬಳಸಿ ಅಲ್ಲಿಗೇ ಮರಳುವ ಸುಮಾರು 516 ಮೈಲಿಯ, ಅಂದರೆ 830 ಕಿಲೋಮೀಟರಿನ ಸುತ್ತು. ರಸ್ತೆಗಳು ಹಳೆಯವೇ, 2015ರಲ್ಲಿ ಅವುಗಳನ್ನು ಒಂದು ಹೆಸರಿನಡಿ ಸೇರಿಸಿ ಪ್ರವಾಸಿಗರ ಮುಂದಿಟ್ಟರು, ಅಷ್ಟೇ. ಸಾಗರದಿಂದ ಬೆಂಗಳೂರಿಗೆ ಹೋಗಿ ಬರುವುದಕ್ಕಿಂತ ಸ್ವಲ್ಪ ಹೆಚ್ಚು ದೂರವೆಂದು ನಕ್ಷೆ ನೋಡಿ ಅನಿಸಬಹುದು. ಆದರೆ ಪಶ್ಚಿಮದ ಕಡೆ ಬಹಳಷ್ಟು ದಾರಿ ಒಂದೇ ಕಾರಿನ ಅಗಲದ್ದಾಗಿರುವುದರಿಂದ ಅಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ಸಾಗಿದರೂ ದೊಡ್ಡದು. ಅದನ್ನೂ ಸ್ಕೈ ದ್ವೀಪವನ್ನೂ ಒಂದು ವಾರಕ್ಕೆ ತುರುಕಿದರೆ ನಿಮ್ಮ ಶ್ರೀಮತಿಯವರು ನೋಡಿದ್ದಕ್ಕಿಂತ ನೀವು ಸ್ಟೀರಿಂಗ್ ತಿರುಗಿಸಿದ್ದೇ ಹೆಚ್ಚಾಗುತ್ತದೆ. ಈ ಸಲ ಸ್ಕೈ ದ್ವೀಪವನ್ನು ಇಟ್ಟುಕೊಂಡು ಉತ್ತರದ ಸುತ್ತನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ.

ಎಡಿನ್‌ಬರೋ ನಗರದೊಳಗೆ ಕಾರು ಬೇಡ. ಟ್ರಾಮ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಿ ಅಲ್ಲಿಯೇ ಕಾರು ಪಡೆದರೆ ನಗರದ ದಟ್ಟಣೆಗೆ ಸಿಕ್ಕದೆ ನೇರವಾಗಿ ಹೆದ್ದಾರಿಗೆ ಇಳಿಯಬಹುದು. ಅಲ್ಲಿಂದ ಸ್ಟರ್ಲಿಂಗ್, ಕ್ಯಾಲಂಡರ್, ಕ್ರಿಯನ್‌ಲಾರಿಕ್ ಮಾರ್ಗವಾಗಿ ಫೋರ್ಟ್ ವಿಲಿಯಂ ಸುಮಾರು 210 ಕಿಲೋಮೀಟರ್. ಎಲ್ಲೂ ನಿಲ್ಲದಿದ್ದರೆ ಮೂರು ಗಂಟೆಯ ದಾರಿಯಾದರೂ ಇದಕ್ಕೆ ಒಂದು ಇಡೀ ಹಗಲನ್ನು ಕೊಡಿ. ಕ್ಯಾಲಂಡರ್ ಪಟ್ಟಣದಲ್ಲಿ ಸಾಗರದವರು ಒಂದು ನಿಮಿಷ ನಿಲ್ಲುವುದಕ್ಕೆ ಬೇರೆಯದೇ ಕಾರಣವಿದೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ, ಯಾವ ಊರಿನಲ್ಲಿ ಯಾವ ಬೆಳೆ, ಯಾವ ಕಸುಬು ಎಂಬುದನ್ನೆಲ್ಲ ಬರೆದಿಟ್ಟ ವೈದ್ಯ ಫ್ರಾನ್ಸಿಸ್ ಬುಕನನ್ ಈ ಭಾಗದವನು. ಬನವಾಸಿ, ಇಕ್ಕೇರಿ, ನಗರಗಳನ್ನು ಹಾದುಹೋದ ಆತ ನಿಮ್ಮ ಕಡೆಯ ಅಡಿಕೆ ತೋಟಗಳನ್ನೂ ಬಿಡದೆ ದಾಖಲಿಸಿದ್ದಾನೆ. ಕಡೆಗಾಲವನ್ನು ಆತ ಕಳೆದದ್ದು ಕ್ಯಾಲಂಡರ್ ಪಕ್ಕದ ಲೆನಿ ಎಂಬಲ್ಲಿನ ತನ್ನ ಜಮೀನಿನಲ್ಲಿ. ನೀವು ಹೋಗುವ ರಸ್ತೆಯೇ ಲೆನಿಯನ್ನು ಹಾದುಹೋಗುತ್ತದೆ.

ಟಿಂಡ್ರಮ್ ದಾಟಿದ ಮೇಲೆ ಮರಗಳು ಮುಗಿದು ರಾನಕ್ ಬಯಲು ತೆರೆದುಕೊಳ್ಳುತ್ತದೆ. ಕಂದು ಹುಲ್ಲು, ಕೆಸರು, ಕಪ್ಪು ನೀರಿನ ಹೊಂಡಗಳನ್ನು ಬಿಟ್ಟರೆ ಮೈಲಿಗಟ್ಟಲೆ ಬೇರೇನೂ ಇಲ್ಲ. ಅದು ಮುಗಿಯುತ್ತಿದ್ದಂತೆ ಎರಡೂ ಕಡೆ ಬೆಟ್ಟಗಳು ಒತ್ತಿಕೊಂಡು ಬಂದು ಗ್ಲೆನ್‌ಕೋ ಕಣಿವೆಯಾಗುತ್ತದೆ. 1692ರ ಫೆಬ್ರವರಿ 13ರ ಬೆಳಗಿನ ಜಾವ, ಹನ್ನೆರಡು ದಿನಗಳಿಂದ ಇಲ್ಲಿನ ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಉಂಡು ಮಲಗಿದ್ದ ಸರ್ಕಾರಿ ಸೈನಿಕರೇ ಎದ್ದು ಆತಿಥೇಯರನ್ನು ಕೊಂದರು. ಸುಮಾರು 38 ಮಂದಿ ಕತ್ತಿ, ಗುಂಡುಗಳಿಗೆ ಬಲಿಯಾದರು. ತಪ್ಪಿಸಿಕೊಂಡು ಬೆಟ್ಟ ಹತ್ತಿದವರಲ್ಲಿ ಹಲವರು ಹಿಮದಲ್ಲಿ ಸತ್ತರು. ಆ ಕಾಲದ ಸ್ಕಾಟ್‌ಲೆಂಡ್‌ನಲ್ಲಿ ಕೊಲೆಗಳು ಅಪರೂಪವಾಗಿರಲಿಲ್ಲ. ಉಂಡ ಮನೆಗೆ ಎರಡು ಬಗೆದದ್ದನ್ನು ಮಾತ್ರ ಆ ಜನ ಇಂದಿಗೂ ಮರೆತಿಲ್ಲ.

ಫೋರ್ಟ್ ವಿಲಿಯಂನಿಂದ ಮ್ಯಾಲೇಗ್ ಬಂದರಿಗೆ 70 ಕಿಲೋಮೀಟರ್. ದಾರಿಯಲ್ಲಿ ಸಿಗುವ ಗ್ಲೆನ್‌ಫಿನ್ನನ್‌ನ ರೈಲು ಸೇತುವೆ 21 ಕಮಾನುಗಳದು. ಕಲ್ಲಿನದೆಂದು ತೋರಿದರೂ ಕಾಂಕ್ರೀಟಿನದು, 1901ರಲ್ಲಿ ತೆರೆದದ್ದು. ಸಿನಿಮಾಗಳಿಂದಾಗಿ ಅದಕ್ಕೆ ವಿಪರೀತ ಖ್ಯಾತಿ ಬಂದಿರುವುದರಿಂದ ಅಲ್ಲಿನ ಪಾರ್ಕಿಂಗ್ ಜಾಗ ಬೇಗ ತುಂಬುತ್ತದೆ. ಉಗಿಬಂಡಿ ಹಾದುಹೋಗುವ ಹೊತ್ತಿಗೆ ತಲುಪುವ ಹಟವಿಲ್ಲದಿದ್ದರೆ ಮುಂಜಾನೆಯೇ ಹೋಗಿ ಸೇತುವೆಯನ್ನಷ್ಟೇ ನೋಡಿ ಮುಂದುವರಿಯಿರಿ. ಮ್ಯಾಲೇಗ್‌ನಲ್ಲಿ ಕಾರನ್ನು ಹಡಗಿಗೆ ಹತ್ತಿಸಿದರೆ ಸ್ಕೈ ದ್ವೀಪದ ಆರ್ಮಡೇಲ್‌ನಲ್ಲಿ ಇಳಿಯುತ್ತೀರಿ. ಕಾರಿಗೆ ಜಾಗವನ್ನು ಮುಂಚೆಯೇ ಕಾದಿರಿಸಬೇಕು. ಗಾಳಿಯ ಕಾರಣಕ್ಕೆ ಹಡಗು ರದ್ದಾದರೆ ಗಾಬರಿ ಬೇಡ. 1995ರಲ್ಲಿ ತೆರೆದ ಸ್ಕೈ ಸೇತುವೆ ಇದೆ, 2004ರಿಂದ ಅದಕ್ಕೆ ಸುಂಕವೂ ಇಲ್ಲ. ಸುತ್ತು ಮಾತ್ರ ದೊಡ್ಡದು.

ಸ್ಕೈನಲ್ಲಿ ಒಂದೇ ಮನೆಯಲ್ಲಿ ಮೂರು ರಾತ್ರಿ ತಂಗಿ. ದಿನಕ್ಕೊಂದು ಊರಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು. ಇದಲ್ಲದೆ ಅಲ್ಲಿ ಒಂದು ದಿನವಾದರೂ ಮಳೆ ಮತ್ತು ಮೋಡಕ್ಕೆ ಕೈಬಿಟ್ಟು ಹೋಗುತ್ತದೆ. ಪೋರ್ಟ್ರಿ ಪಟ್ಟಣದಿಂದ ಉತ್ತರಕ್ಕೆ ಹೋದರೆ ಸ್ಟೋರ್ ಬೆಟ್ಟದ ಕಲ್ಲುಕಂಬ, ಅದರಾಚೆ ಕ್ವಿರಾಂಗ್. ಈ ಇಡೀ ಸಾಲು ಒಂದು ಅಗಾಧ ಭೂಕುಸಿತದಿಂದಾದದ್ದು; ಕ್ವಿರಾಂಗ್‌ನ ಬಳಿ ನೆಲ ಈಗಲೂ ನಿಧಾನವಾಗಿ ಜರುಗುತ್ತಿದೆ. ಹಿಂದಿರುಗುವಾಗ ಸೇತುವೆ ದಾಟಿ ಐಲಿಯನ್ ಡೋನನ್ ಕೋಟೆ ನೋಡಿ. ಎಲ್ಲ ಕ್ಯಾಲೆಂಡರ್‌ಗಳಲ್ಲಿ ಕಾಣುವ ಆ ‘ಪುರಾತನ’ ಕೋಟೆ 1719ರಲ್ಲಿ ಪುಡಿಯಾಗಿ, ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿಸಿಕೊಂಡದ್ದು. ಹಾಗೆಂದು ಚೆಲುವಿಗೇನೂ ಕೊರತೆಯಿಲ್ಲ. ಮುಂದೆ ಲಾಕ್ ನೆಸ್ ಸರೋವರದ ದಂಡೆ ಹಿಡಿದು ಇನ್ವರ್ನೆಸ್, ಅಲ್ಲಿಂದ ಎ9 ಹೆದ್ದಾರಿಯಲ್ಲಿ ಎಡಿನ್‌ಬರೋ. ಎ9ರಲ್ಲಿ ಸರಾಸರಿ ವೇಗವನ್ನು ಅಳೆಯುವ ಕ್ಯಾಮೆರಾಗಳಿರುವುದರಿಂದ ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ ಆಮೇಲೆ ಓಡಿಸುವ ನಮ್ಮ ಜಾಣತನ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಹುಲಿಕಲ್, ಆಗುಂಬೆ ಘಾಟಿಗಳಲ್ಲಿ ವರ್ಷಗಳಿಂದ ಕಾರು ಓಡಿಸಿದ್ದೇನೆ. ಆದರೂ ಆ ಒಂಟಿ ರಸ್ತೆಗಳ ವಿಡಿಯೋ ನೋಡಿ ಅಳುಕಾಗುತ್ತಿದೆ. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ? (ಅದೇ ಪತ್ರದಿಂದ)

ಉತ್ತರ: ನಡೆಯುತ್ತದೆ. ಪ್ರವಾಸಿಗರಾಗಿ ಹೋದವರು ಚಾಲ್ತಿಯಲ್ಲಿರುವ ಭಾರತದ ಲೈಸೆನ್ಸ್ ಮೇಲೆ ಹನ್ನೆರಡು ತಿಂಗಳವರೆಗೆ ಕಾರು ಓಡಿಸಬಹುದು. ಅಂತರರಾಷ್ಟ್ರೀಯ ಪರವಾನಗಿ ಕಾನೂನಿಗೆ ಬೇಕಿಲ್ಲದಿದ್ದರೂ ಕೆಲವು ಬಾಡಿಗೆ ಕಂಪನಿಗಳು ಕೇಳುತ್ತವೆ. ಆರ್‌ಟಿಒ ಕಚೇರಿಯಲ್ಲಿ ಮಾಡಿಸಿಕೊಂಡಿದ್ದರೆ ತಕರಾರಿರುವುದಿಲ್ಲ. ಕಂಪನಿಯ ವಯಸ್ಸಿನ ಮೇಲ್ಮಿತಿಯನ್ನು ಮೊದಲೇ ವಿಚಾರಿಸಿ, ಕ್ರೆಡಿಟ್ ಕಾರ್ಡ್ ಚಾಲಕರ ಹೆಸರಿನಲ್ಲಿಯೇ ಇರಲಿ, ವಿಮೆಯಲ್ಲಿ ನಿಮ್ಮ ಪಾಲಿಗೆ ಬೀಳುವ ಮೊತ್ತ ಎಷ್ಟೆಂದು ಬರಹದಲ್ಲಿ ತಿಳಿದುಕೊಳ್ಳಿ. ಶ್ರೀಮತಿಯವರಿಗೂ ಚಾಲನೆ ಬರುವುದಾದರೆ ಅವರ ಹೆಸರನ್ನೂ ಸೇರಿಸಿ.

ಅಲ್ಲಿಯೂ ಎಡಬದಿಯ ಸಂಚಾರವೇ. ಹಾಗಾಗಿ ನಿಮಗೆ ಕಲಿಯಬೇಕಾದದ್ದು ಕಡಿಮೆ. ವೇಗದ ಫಲಕಗಳೆಲ್ಲ ಮೈಲಿಯಲ್ಲಿರುತ್ತವೆ. ಬಿಳಿಯ ವೃತ್ತದಲ್ಲಿ ಓರೆಯಾದ ಕಪ್ಪು ಪಟ್ಟಿ ಕಂಡರೆ, ಮಧ್ಯೆ ವಿಭಜಕವಿಲ್ಲದ ರಸ್ತೆಯಲ್ಲಿ ಗರಿಷ್ಠ 60 ಮೈಲಿ, ಅಂದರೆ 96 ಕಿಲೋಮೀಟರ್ ಎಂದರ್ಥ. ಕಾರಿನಗಲದ ದಾರಿಯಲ್ಲಿಯೂ ಅದೇ ಫಲಕವಿರುವುದುಂಟು. ಅಷ್ಟು ವೇಗದಲ್ಲಿ ಹೋಗಿ ಎಂದು ಅದು ಹೇಳುತ್ತಿಲ್ಲ. ರಕ್ತದಲ್ಲಿನ ಮದ್ಯದ ಮಿತಿ ಸ್ಕಾಟ್‌ಲೆಂಡ್‌ನಲ್ಲಿ 2014ರಿಂದ 100 ಮಿಲಿಲೀಟರಿಗೆ 50 ಮಿಲಿಗ್ರಾಂ, ಇಂಗ್ಲೆಂಡಿಗಿಂತ ಕಡಿಮೆ. ವಿಸ್ಕಿ ಭಟ್ಟಿಗಳನ್ನು ನೋಡಲು ಹೋದಾಗ ಚಾಲಕರಾದವರು ರುಚಿಯನ್ನು ಬಾಟಲಿಯಲ್ಲಿ ಕಟ್ಟಿಸಿಕೊಳ್ಳುವುದೇ ಸರಿ.

ಇನ್ನು ಒಂಟಿ ರಸ್ತೆ. ಘಾಟಿಯಲ್ಲಿ ಬಸ್ಸಿಗೆ ಎದುರಾಗಿ ಅಭ್ಯಾಸವಿರುವ ನಿಮ್ಮ ಕೈಗೆ ಅದು ಕಷ್ಟವಲ್ಲ. ಮನಸ್ಸಿಗೆ ಅಲ್ಲಿನ ರೂಢಿ ಒಗ್ಗಬೇಕು. ನೂರಿನ್ನೂರು ಮೀಟರಿಗೊಮ್ಮೆ ರಸ್ತೆ ಒಂದು ಬದಿಗೆ ಉಬ್ಬಿಕೊಂಡಿರುತ್ತದೆ, ಪಕ್ಕದ ಕಂಬದಲ್ಲಿ ಬಿಳಿಯ ಹಲಗೆಯ ಮೇಲೆ ‘ಪಾಸಿಂಗ್ ಪ್ಲೇಸ್’ ಎಂದಿರುತ್ತದೆ. ದೂರದಲ್ಲಿ ಎದುರು ವಾಹನ ಕಂಡೊಡನೆ ಯಾರಿಗೆ ಆ ಜಾಗ ಹತ್ತಿರವೋ ಅವರು ನಿಲ್ಲಬೇಕು. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲಿಯೇ ನಿಂತುಕೊಳ್ಳಿ, ಎದುರಿನವರು ಆ ಉಬ್ಬನ್ನು ಬಳಸಿ ದಾಟುತ್ತಾರೆ. ಯಾವ ಕಾರಣಕ್ಕೂ ಬಲಬದಿಗೆ ನುಗ್ಗಬೇಡಿ. ಏರು ಹತ್ತಿ ಬರುವವರಿಗೆ ದಾರಿ ಬಿಡಿ. ಹಿಂದೆ ಕಾರು ಬಂದು ಕಾಯುತ್ತಿದ್ದರೆ ಪಕ್ಕಕ್ಕೆ ಸರಿದು ಮುಂದೆ ಬಿಡಿ. ಅವರು ಕೆಲಸಕ್ಕೋ ಆಸ್ಪತ್ರೆಗೋ ಹೊರಟ ಊರಿನವರಾಗಿರುತ್ತಾರೆ. ದಾಟುವಾಗ ಇಬ್ಬರೂ ಸ್ಟೀರಿಂಗಿನಿಂದ ಕೈ ಎತ್ತದೆಯೇ ಒಂದೆರಡು ಬೆರಳೆತ್ತುತ್ತಾರೆ, ಅದೇ ನಮಸ್ಕಾರ. ಫೋಟೋ ತೆಗೆಯಲು ಆ ಜಾಗದಲ್ಲಿ ಕಾರು ನಿಲ್ಲಿಸಿ ಇಳಿದು ಹೋಗುವುದನ್ನು ಮಾತ್ರ ಅಲ್ಲಿನವರು ಕ್ಷಮಿಸುವುದಿಲ್ಲ. ಮೇ ತಿಂಗಳಿನಲ್ಲಿ ಕುರಿಮರಿಗಳು ರಸ್ತೆಯಲ್ಲಿಯೇ ಇರುತ್ತವೆ. ತಾಯಿ ಒಂದು ಬದಿ, ಮರಿ ಇನ್ನೊಂದು ಬದಿ ಕಂಡರೆ ಕಾರು ನಿಲ್ಲಿಸಿಬಿಡಿ. ಮರಿ ತಾಯಿಯ ಕಡೆಗೆ ಓಡಿಯೇ ಓಡುತ್ತದೆ.

ಪ್ರಶ್ನೆ: ಹೈಲ್ಯಾಂಡ್ಸ್ ಚಿತ್ರಗಳಲ್ಲಿ ಹಸಿರು ಕಣಿವೆಯ ನಡುವೆ ಸೂರಿಲ್ಲದ ಕಲ್ಲುಗೋಡೆಗಳು ಕಾಣುತ್ತವೆ, ಜನವೇ ಇಲ್ಲ. ಏಕೆ? (ಓದುಗರೊಬ್ಬರು, ಮೈಸೂರು)

ಉತ್ತರ: ಅಲ್ಲಿ ಜನರಿದ್ದರು. 1745ರಲ್ಲಿ ಗ್ಲೆನ್‌ಫಿನ್ನನ್‌ನಲ್ಲಿ ಬಾವುಟ ಏರಿಸಿ ಬ್ರಿಟನ್ನಿನ ಸಿಂಹಾಸನ ತನ್ನ ಸ್ಟುವರ್ಟ್ ವಂಶದ್ದೆಂದು ಎದ್ದ ರಾಜಕುಮಾರ ಚಾರ್ಲ್ಸ್‌ನ ದಂಗೆ ಮರುವರ್ಷ ಏಪ್ರಿಲ್ 16ರಂದು ಕಲೊಡನ್ ಬಯಲಿನಲ್ಲಿ ಸೋತಿತು. ಅದರ ಬೆನ್ನಿಗೆ ಕುಲಗಳ ಹಳೆಯ ಕಟ್ಟು ಮುರಿಯಿತು. ಕುಲದ ನಾಯಕರಾಗಿದ್ದವರು ಬರಿಯ ಜಮೀನುದಾರರಾದರು. ಒಕ್ಕಲುಗಳ ಗೇಣಿಗಿಂತ ಕುರಿ ಸಾಕಣೆಯಲ್ಲಿ ಲಾಭ ಹೆಚ್ಚೆಂದು ಕಂಡಾಗ ಹದಿನೆಂಟನೆಯ ಶತಮಾನದ ಕೊನೆಯಿಂದ ಮುಂದಿನ ನೂರು ವರ್ಷದವರೆಗೂ ಕಣಿವೆಗಳನ್ನು ತೆರವು ಮಾಡಿಸಿದರು. ಸದರ್‌ಲ್ಯಾಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ, ಜನ ಮರಳಿ ಬಾರದಿರಲೆಂದು, ಮನೆಗಳ ಸೂರಿಗೆ ಬೆಂಕಿಯಿಟ್ಟರು. 1814ರಲ್ಲಿ ಆ ಕೆಲಸ ನಡೆಸಿದ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ವಿಚಾರಣೆಗೆ ಒಳಗಾಗಿ ಖುಲಾಸೆಯಾದ. ಒಕ್ಕಲುಗಳಲ್ಲಿ ಕೆಲವರು ಕಡಲಂಚಿನ ಬರಡು ತುಂಡುಗಳಿಗೆ, ಹಲವರು ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದರು. ನೀವು ಕಾಣುವ ಗೋಡೆಗಳಲ್ಲಿ ಅವರ ಮನೆಗಳೂ ಇವೆ. ಹೈಲ್ಯಾಂಡ್ಸ್‌ನ ಬರಿದು ಬೆಟ್ಟಗಳನ್ನು ಅನಾದಿಯಿಂದ ಹಾಗೆಯೇ ಇದ್ದ ನಿಸರ್ಗವೆಂದು ವರ್ಣಿಸುವ ಪ್ರವಾಸಿ ಕೈಪಿಡಿಗಳ ಮಾತನ್ನು ನಾನು ಒಪ್ಪುವುದಿಲ್ಲ.

ಸಾಗರದ ದಂಪತಿಗೂ ಇದು ಉಪಯೋಗಕ್ಕೆ ಬಂದೀತು: ಪೋರ್ಟ್ರಿಯಿಂದ ದಕ್ಷಿಣಕ್ಕೆ ಬ್ರೇಸ್ ಎಂಬಲ್ಲಿಗೆ ಒಂದು ಕಿರುದಾರಿ ಹೋಗುತ್ತದೆ. 1882ರಲ್ಲಿ ಅಲ್ಲಿನ ರೈತರು ತಮ್ಮ ಗೋಮಾಳದ ಹಕ್ಕು ಮರಳುವವರೆಗೆ ಗೇಣಿ ಕೊಡುವುದಿಲ್ಲವೆಂದು ಪಟ್ಟು ಹಿಡಿದಾಗ, ಅವರನ್ನು ಹಿಡಿಯಲು ಗ್ಲಾಸ್ಗೋದಿಂದ ಸುಮಾರು 50 ಪೊಲೀಸರು ಬಂದರು. ಹೆಂಗಸರು ಮುಂದೆ ನಿಂತು ಕಲ್ಲು ತೂರಿದರು. ಆ ಸುದ್ದಿ ದೇಶವೆಲ್ಲ ಹಬ್ಬಿ, ಮರುವರ್ಷ ವಿಚಾರಣಾ ಆಯೋಗ ನೇಮಕವಾಗಿ, 1886ರ ಕಾಯ್ದೆಯಿಂದ ಸಣ್ಣ ಹಿಡುವಳಿದಾರರಿಗೆ ಒಕ್ಕಲೆಬ್ಬಿಸಲಾಗದ ಹಕ್ಕು ದೊರೆಯಿತು. ರಸ್ತೆಯ ಪಕ್ಕದಲ್ಲಿ ಕಲ್ಲು ಪೇರಿಸಿದ ಸ್ಮಾರಕವಿದೆ. ಗೇಣಿ ಸತ್ಯಾಗ್ರಹ ನಡೆದ ಕಾಗೋಡಿನ ತಾಲ್ಲೂಕಿನವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತದೆಯೇ? ಸೊಳ್ಳೆ ಕಾಟವಿದೆಯಂತೆ, ನಿಜವೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಊಟ ಸಿಗುತ್ತದೆ, ಹೊತ್ತಿಗೆ ಸರಿಯಾಗಿ ಹೋದರೆ. ಮೇ ಕೊನೆಯಲ್ಲಿ ಸ್ಕೈ ದ್ವೀಪದಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಸಮಯದ ಅಂದಾಜು ತಪ್ಪುತ್ತದೆ, ಆದರೆ ಹಳ್ಳಿಯ ಹೋಟೆಲುಗಳಲ್ಲಿ ಅಡುಗೆಮನೆ ಎಂಟೂವರೆ, ಒಂಬತ್ತಕ್ಕೇ ಮುಚ್ಚಿರುತ್ತದೆ. ಕುರಿಯ ಒಳಾಂಗಗಳಿಂದ ಮಾಡುವ ಹ್ಯಾಗಿಸ್‌ಗೆ ಬೇಳೆ, ಓಟ್ಸ್, ತರಕಾರಿಗಳ ಸಸ್ಯಾಹಾರಿ ರೂಪವೂ ಇದೆ. ಮೆಣಸಿನ ಖಾರವಿದ್ದು ನಮ್ಮ ನಾಲಿಗೆಗೆ ಹಿಡಿಸುತ್ತದೆ. ಸೂಪ್ ತರಿಸುವಾಗ ಮಾಂಸದ ಸಾರು ಹಾಕಿದ್ದಾರೆಯೇ ಎಂದು ಕೇಳಿ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು, ಫೋರ್ಟ್ ವಿಲಿಯಂನ ದೊಡ್ಡ ಅಂಗಡಿಯಲ್ಲಿ ಅಕ್ಕಿ, ಮೊಸರು, ತರಕಾರಿ ಕೊಂಡು ಹೋದರೆ ಎಲ್ಲಕ್ಕಿಂತ ನೆಮ್ಮದಿ. ಪೆಟ್ರೋಲನ್ನೂ ಅಲ್ಲಿಯೇ ತುಂಬಿಸಿ. ಬಂಕಿನಲ್ಲಿ ಹಸಿರು ಹಿಡಿಕೆ ಪೆಟ್ರೋಲಿನದು, ಕಪ್ಪು ಡೀಸೆಲಿನದು, ನೀವೇ ಹಾಕಿಕೊಳ್ಳಬೇಕು.

ಸೊಳ್ಳೆಗಿಂತ ಚಿಕ್ಕದಾದ ‘ಮಿಡ್ಜ್’ ಎಂಬ ನೊರಜು ಪಶ್ಚಿಮದ ಕಡೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮುತ್ತುತ್ತದೆ. ಗಾಳಿಯಿಲ್ಲದ ಮೋಡದ ಸಂಜೆಗಳಲ್ಲಿ ಕಾಟ ಹೆಚ್ಚು, ಗಾಳಿ ಬೀಸಿದರೆ ಹಾರಲಾರದು. ಔಷಧಿಯ ಅಂಗಡಿಯಲ್ಲಿ ಲೇಪನವೂ ತಲೆಗೆ ಹಾಕಿಕೊಳ್ಳುವ ಬಲೆಯೂ ಸಿಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಎರಡನ್ನೂ ಕೊಳ್ಳಿ, ಮೇ ತಿಂಗಳಿನವರಿಗೆ ಲೇಪನವೊಂದೇ ಸಾಕು.