ನಕಲು ಮುತ್ತಿನಂತೆ, ಸ್ವಂತ ವಾಕ್ಯ ಒಂದೂ ಇಲ್ಲ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯ ನಾಲ್ಕನೇ ತರಗತಿ. ತಾಂಡಾದ ಹುಡುಗ, ಮನೆಮಾತು ಲಂಬಾಣಿ. ಎರಡನೇ ತರಗತಿಯಲ್ಲಿದ್ದಾಗ ಅಪ್ಪ-ಅವ್ವನ ಜೊತೆ ಪುಣೆಗೆ ಹೋಗಿ, ಒತ್ತಕ್ಷರ ಕಲಿಯಬೇಕಾದ ತಿಂಗಳುಗಳನ್ನೇ ಕಳೆದುಕೊಂಡಿದ್ದ. ಟೀಚರ್ ಹೇಳಿದ್ದು: "ಬೋರ್ಡ್ ಮ್ಯಾಲಿಂದು ಮುತ್ತಿನಂಗ ಬರೀತಾನ್ರಿ. ನೀನೇ ಬರಿ ಅಂದ್ರ ಪೆನ್ಸಿಲ್ ಕಚ್ಕೊಂತ ಕುಂದರ್ತಾನ."

ಕಣ್ಣು, ಕಿವಿ ಮೊದಲು ತಪಾಸಣೆಯಾಯಿತು, ತೊಂದರೆ ಇಲ್ಲ. ನಂತರ ನೋಡಿ ಬರೆಯುವುದು, ಹತ್ತು ಪದಗಳ ಉಕ್ತಲೇಖನ, ಜಾತ್ರೆಯ ಬಗ್ಗೆ ಬಾಯಲ್ಲಿ ಹೇಳುವುದು. ನಕಲಿನಲ್ಲಿ ತಪ್ಪಿಲ್ಲ. ಉಕ್ತಲೇಖನದಲ್ಲಿ 'ಮರ', 'ಬಸವ' ಸರಿ. 'ಎತ್ತು' ಹೋಗಿ 'ಎತು', 'ಜಾತ್ರೆ' ಹೋಗಿ 'ಜತರೆ'. ಬಾಯಲ್ಲಿ ಕೇಳಿದರೆ ಮಿಠಾಯಿ ಅಂಗಡಿಯಿಂದ ತೇರಿನವರೆಗೆ ಎಲ್ಲ ಹೇಳಿದ. ವಿಷಯಕ್ಕೆ ಬರವಿಲ್ಲ, ಕೇಳಿದ್ದನ್ನು ಅಕ್ಷರವಾಗಿ ಬಿಡಿಸುವಲ್ಲಿ ಎಡವುತ್ತಾನೆ. ನಕಲು ಮಾಡುವಾಗ ಕಿವಿಗೆ ಕೆಲಸವೇ ಇಲ್ಲ, ಹಾಗಾಗಿ ಈ ಕೊರತೆ ವರ್ಷಗಟ್ಟಲೆ ಕಾಣದೇ ಉಳಿಯಿತು.

ಟೀಚರ್‌ಗೆ ಕೊಟ್ಟ ಮೊದಲ ಸಲಹೆ: ಅವನನ್ನು ಬೇರೆ ಕೂರಿಸಬೇಡಿ, ಇಡೀ ತರಗತಿಗೇ ದಿನಕ್ಕೆ 15 ನಿಮಿಷ ಸ್ವಂತ ಬರಹ ಇಡಿ. ಮಕ್ಕಳು ಬರೆಯಬೇಕಾದ್ದನ್ನು ಪಕ್ಕದವರಿಗೆ ಎರಡು ನಿಮಿಷ ಹೇಳಿ, ಆಮೇಲೆ ಬರೆಯಲಿ. ಈ ಹುಡುಗ ಒಂದು ವಾಕ್ಯ ಹೇಳಿ, ಪದಕ್ಕೊಂದು ಅಡ್ಡಗೆರೆ ಎಳೆಯಬೇಕು. 'ನಮ್ಮ ಎತ್ತು ಮೇವು ತಿಂತು' ಎಂದರೆ ನಾಲ್ಕು ಗೆರೆ. ಆಮೇಲೆ ಪ್ರತಿ ಗೆರೆಯ ಮೇಲೆ ಪದವನ್ನು ನಿಧಾನವಾಗಿ ಹೇಳುತ್ತಾ ಬರೆಯಬೇಕು. 'ಎತ್ತು' ಎನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿ ಒಂದು ಕ್ಷಣ ನಿಲ್ಲುತ್ತದೆ, 'ಎತು' ಎನ್ನುವಾಗ ನಿಲ್ಲುವುದಿಲ್ಲ. ಆ ನಿಲುಗಡೆ ಅವನಿಗೇ ಸಿಗಬೇಕು.

ಒತ್ತು ಕಲಿಸುವ ಕ್ರಮವೂ ಮುಖ್ಯ. ಅಪ್ಪ, ಹಗ್ಗ, ರೊಟ್ಟಿ ಮೊದಲು, ಏಕೆಂದರೆ ಇವುಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಲ ಒತ್ತುಗಳ ಆಕಾರವೇ ಬೇರೆ, ಅವು ಎರಡನೇ ಹಂತ. 'ಜಾತ್ರೆ'ಯಂಥ ವಿಜಾತೀಯ ಒತ್ತು ಕೊನೆಗೆ. ಎಲ್ಲ ಒಟ್ಟಿಗೆ ಕಲಿಸಿದರೆ ಮಗು ಒತ್ತನ್ನೇ ಬಿಟ್ಟು ಬರೆಯತೊಡಗುತ್ತದೆ.

ಕನ್ನಡ ಪದ ಹೊಳೆಯದಿದ್ದರೆ ಲಂಬಾಣಿಯ 'ಯಾಡಿ' ಎಂದೇ ಬರೆಯಲಿ. 'ಅವ್ವ' ಆಮೇಲೆ ಪಕ್ಕದಲ್ಲಿ ಬರಲಿ. ಅವನು ಹೇಳಿದ್ದನ್ನು ನೀವು ಬರೆದುಕೊಡುವಾಗ ಅವನ ಮಾತನ್ನು ತಿದ್ದಿ ಚೆಂದ ಮಾಡಬೇಡಿ: ತಾನು ಹೇಳದ ವಾಕ್ಯವನ್ನು ಅವನು ತಿರುಗಿ ಓದಲಾರ. ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದಿ. ಪುಟ ತುಂಬ ಕೆಂಪು ಗೀಟು ಕಂಡ ಮಗು ಮರುದಿನ ತಾನು ಬಲ್ಲ ಎರಡಕ್ಷರದ ಪದಗಳಲ್ಲೇ ಮುಗಿಸುತ್ತದೆ.

ತೊಡೆ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಿದ್ದುದರಿಂದ ಒತ್ತಿ ಬರೆದು ಹಾಳೆ ಹರಿಯುತ್ತಿತ್ತು. ಗಟ್ಟಿ ಹಲಗೆ ಕೊಡಲು ಹೇಳಲಾಯಿತು.

"ನಮಗ ಓದಾಕ ಬರಲ್ರಿ, ಏನ್ ಮಾಡೂಣು?" ಎಂದು ತಾಯಿ ಕೇಳಿದರು. ಸಂಜೆ ಅವನು ಬರೆದದ್ದನ್ನು ಓದಿದಾಗ ಕೇಳಿ, "ಮುಂದ ಏನಾತು?" ಎಂದು ಅನ್ನಿ, ಅಷ್ಟು ಸಾಕು ಎಂದು ತಿಳಿಸಲಾಯಿತು. 'ದಡ್ಡ' ಎಂಬ ಮಾತು ಮನೆಯಲ್ಲೂ ಬೇಡ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಆದರೆ ಶಾಲೆ ತಪ್ಪಿದ ಮಗುವಿಗೆ ಆ ಹೆಸರು ಹಚ್ಚಲು ಆತುರ ಸಲ್ಲದು. ಮೂರು ತಿಂಗಳು ದಿನವೂ ಹೀಗೆ ಮಾಡಿಯೂ ಒತ್ತು, ದೀರ್ಘ ಸುಧಾರಿಸದಿದ್ದರೆ ದಿನಾಂಕ ಹಾಕಿದ ನೋಟ್‌ಬುಕ್ ಸಮೇತ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರ ಬಳಿ ಕಳುಹಿಸಿ. ಅಷ್ಟರೊಳಗೆ ಮನೆಯವರು ಮತ್ತೆ ದುಡಿಯಲು ಹೊರಟರೆ, ಅವನನ್ನು ಅಜ್ಜಿ ಬಳಿ ಉಳಿಸಲು ಆಗುವುದೇ ಎಂದು ಮುಂಚೆಯೇ ಮಾತಾಡಿಕೊಳ್ಳಿ.