ಕೋ-ಲೀಡರ್ ಬಿಟ್ಟುಹೋದ ಕ್ಲಾನಿನಲ್ಲಿ ಮೊದಲು ಸರಿಪಡಿಸಬೇಕಾದದ್ದು ಬೋನಸ್ ಮೆಡಲಿನ ಲೆಕ್ಕ

ಪೊನ್ನಂಪೇಟೆಯ ಸಹೋದರರೇ, ಕ್ಲ್ಯಾಶ್ ಆಫ್ ಕ್ಲಾನ್ಸ್ ಮೊಬೈಲ್ ಆಟದಲ್ಲಿ ಕ್ಲಾನುಗಳ (ಆಟಗಾರರ ತಂಡಗಳ) ನಡುವೆ ತಿಂಗಳಿಗೊಮ್ಮೆ ನಡೆಯುವ ವಾರ್ ಲೀಗಿನಲ್ಲಿ, ಜುಲೈಯ ಬೋನಸ್ ಮೆಡಲಿನ (ಕೆಲವರಿಗೆ ಹಂಚುವ ಹೆಚ್ಚುವರಿ ಬಹುಮಾನದ) ವಿಷಯದಲ್ಲಿ ಮಾತು ಬೆಳೆದು ನಿಮ್ಮ ಕೋ-ಲೀಡರ್ (ಲೀಡರ್ ನಂತರದ ಸ್ಥಾನದವರು) ಈ ತಿಂಗಳ ಲೀಗಿನ ಮೂರನೆಯ ದಿನ ಕ್ಲಾನ್ ಬಿಟ್ಟರೆಂದೂ, ಅದೇ ರಾತ್ರಿ ನೀವು ಅವರ ಗೆಳೆಯರನ್ನು ಕಿಕ್ ಮಾಡಿ ಹೊರಹಾಕಿದಿರೆಂದೂ, ಈಗ ಅದರ ಕೆಳಗಿನ ಸ್ಥಾನದ ನಾಲ್ವರು ಎಲ್ಡರ್‌ಗಳನ್ನು ಒಟ್ಟಿಗೆ ಕೋ-ಲೀಡರ್ ಮಾಡಲಿದ್ದೀರೆಂದೂ ಬರೆದಿದ್ದೀರಿ. ದಯವಿಟ್ಟು ಮಾಡಬೇಡಿ. ಮಡಿಕೇರಿಯ ನಮ್ಮ ಕ್ಲಾನಿನಲ್ಲಿ ಇದೇ ಕ್ರಮದಲ್ಲಿ ಇದೇ ಕೆಲಸ ಮಾಡಿದೆವು. ಹೊಸದಾಗಿ ಮೇಲೇರಿದವರಲ್ಲಿ ಒಬ್ಬರು ತಮಗಾಗದ ಎಲ್ಡರ್‌ಗಳನ್ನೆಲ್ಲ ಒಂದೇ ಸಂಜೆಯಲ್ಲಿ ಹೊರಹಾಕಿದರು. ಎಲ್ಡರ್ ಮತ್ತು ಮೆಂಬರ್‌ಗಳನ್ನು ಕಿಕ್ ಮಾಡುವ, ವಾರ್ ಆರಂಭಿಸುವ, ಕ್ಲಾನಿನ ಸೆಟ್ಟಿಂಗ್ ಬದಲಿಸುವ ಅಧಿಕಾರಗಳೆಲ್ಲ ಆ ಸ್ಥಾನದ ಜೊತೆಗೇ ಹೋಗುತ್ತವೆ. ಇದನ್ನು ಕೊಟ್ಟು ಅದನ್ನು ತಡೆಹಿಡಿಯಲು ಕ್ಲ್ಯಾಶ್ ಆಫ್ ಕ್ಲಾನ್ಸ್‌ನಲ್ಲಿ ದಾರಿಯಿಲ್ಲ. ಲೀಗ್ ಮುಗಿಯುವವರೆಗೆ ಇರುವವರಿಂದಲೇ ನಡೆಸಿ, ಆಮೇಲೆ ಒಬ್ಬರನ್ನು ಮಾತ್ರ ಏರಿಸಿ.

ನಿಮ್ಮ ಜಗಳದ ಬೇರು ಇರುವುದು ಬೋನಸ್‌ನಲ್ಲಿ. ಲೀಗಿನಲ್ಲಿ ಏಳು ದಿನ, ದಿನಕ್ಕೊಂದೇ ದಾಳಿ, ದಾಳಿಗೆ ಹೆಚ್ಚೆಂದರೆ ಮೂರು ಸ್ಟಾರ್, ಎಲ್ಲವೂ ಕೂಡಿದರೂ ಒಬ್ಬರಿಗೆ ಇಪ್ಪತ್ತೊಂದು ಸ್ಟಾರ್‌ಗಿಂತ ಹೆಚ್ಚು ಬರುವುದಿಲ್ಲ. ಅಷ್ಟು ಕಡಿಮೆ ಅವಕಾಶದಲ್ಲಿ ಆಡಿದವರಿಗೆ ಕೊನೆಯ ದಿನ ಲೀಡರ್ ತಮ್ಮ ಮನಸ್ಸಿಗೆ ಬಂದಂತೆ ಹಂಚಿದರೆ ಸಿಟ್ಟು ಬಾರದೆ ಇರುವುದೇ? ಬೋನಸ್ ಎಷ್ಟು ಮಂದಿಗೆ ಸಿಗುತ್ತದೆ ಎಂಬುದು ಲೀಗಿನ ಮಟ್ಟವನ್ನೂ ಗೆದ್ದ ವಾರ್‌ಗಳನ್ನೂ ಅವಲಂಬಿಸಿರುವುದರಿಂದ, ಇಷ್ಟು ಜನರಿಗೆ ಕೊಡುತ್ತೇನೆ ಎಂದು ಮೊದಲೇ ಮಾತು ಕೊಡಲಾಗದು. ಯಾವ ಸರದಿಯಲ್ಲಿ ಕೊಡುತ್ತೇನೆ ಎಂಬುದನ್ನು ಮಾತ್ರ ಖಂಡಿತ ಹೇಳಬಹುದು. ಆ ಸರದಿಯ ನಿಯಮವನ್ನು ಲೀಗಿಗೆ ಹೆಸರು ಸೇರಿಸುವ ಮೊದಲೇ ಬರೆದು ಹಾಕಬೇಕು.

ನಾವು ಅನುಸರಿಸುವ ಕ್ರಮ ಹೀಗಿದೆ. ಪ್ರತಿ ದಿನದ ವಾರ್ ಮುಗಿದ ಕೂಡಲೇ ಯಾರು ಎಷ್ಟನೇ ಬೇಸಿಗೆ (ಎದುರಾಳಿಯ ಊರಿಗೆ) ಹೊಡೆದರು, ಎಷ್ಟು ಸ್ಟಾರ್ ತಂದರು, ಎದುರಿನ ಟೌನ್ ಹಾಲ್ (ಊರಿನ ಮಟ್ಟ ತೋರಿಸುವ ಮುಖ್ಯ ಕಟ್ಟಡ) ತಮ್ಮದಕ್ಕಿಂತ ಮೇಲಿನದೋ, ಸಮಾನವೋ, ಕೆಳಗಿನದೋ ಎಂಬುದನ್ನು ಬರೆದು ಎಲ್ಲರಿಗೂ ಕಾಣುವಂತೆ ಹಾಕುತ್ತೇವೆ. ಬರಿಯ ಸ್ಟಾರ್ ಎಣಿಸಬಾರದು, ಏಕೆಂದರೆ ಕೆಳಗಿನ ಟೌನ್ ಹಾಲಿಗೆ ಹೊಡೆದು ಮೂರು ಸ್ಟಾರ್ ತಂದವರ ಮುಂದೆ ಮೇಲಿನ ಬೇಸಿಗೆ ಎದೆಗೊಟ್ಟು ಎರಡು ತಂದವರು ಸೋತಂತೆ ಕಾಣುತ್ತಾರೆ. ಕಾಫಿ ಕೊಯ್ಲಿನಲ್ಲಿ ಹಣ್ಣು ತೂಗಿದ ಕೂಡಲೇ ಕೊಯ್ದವರ ಎದುರಿನಲ್ಲೇ ಕಿಲೋ ಬರೆದುಕೊಳ್ಳುತ್ತೇವಲ್ಲ, ಹಾಗೆಯೇ ಇದನ್ನೂ ಆಯಾ ದಿನವೇ ಬರೆಯಬೇಕು. ವಾರದ ಕೊನೆಗೆ ನೆನಪಿನಿಂದ ಬರೆದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಮಳೆಗಾಲದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಜುಲೈಯಲ್ಲಿ ಭಾಗಮಂಡಲದಲ್ಲಿರುವ ಒಬ್ಬರ ದಾಳಿ ತಪ್ಪಿದ್ದಕ್ಕೆ ಬೋನಸ್ ಕಡಿದೆ ಎಂದಿದ್ದೀರಿ. ಮರ ಬಿದ್ದು ಲೈನ್ ಹೋಗಿ, ಟವರಿನ ಸಿಗ್ನಲ್ಲೂ ಇಲ್ಲದ ದಿನ ಅವರು ಎಲ್ಲಿಂದ ಹೊಡೆಯಬೇಕಿತ್ತು? ಜೂನ್‌ನಿಂದ ಆಗಸ್ಟ್‌ವರೆಗಿನ ಲೀಗುಗಳಿಗೆ ಹದಿನೈದು ಮಂದಿ ಬೇಕಿದ್ದರೆ ಮೈಸೂರು, ಬೆಂಗಳೂರಿನಲ್ಲಿರುವ ಕೆಲವರನ್ನು ಹೆಚ್ಚಾಗಿ ಪಟ್ಟಿಗೆ ಸೇರಿಸಿಟ್ಟುಕೊಂಡು, ವಾರ್‌ಗೆ ಮೊದಲಿನ ಸಿದ್ಧತೆಯ ದಿನವೇ ಆಳು ಬದಲಿಸಿ. ಹೇಳಿ ತಪ್ಪಿಸಿದ ದಾಳಿ ಬೇರೆ, ಹೇಳದೆ ತಪ್ಪಿಸಿದ್ದು ಬೇರೆ. ಆದರೆ ಪ್ರತಿ ತಿಂಗಳೂ ಕರೆಂಟಿನ ನೆಪ ಹೇಳುವವರಿಗೆ ಈ ರಿಯಾಯಿತಿ ಸಲ್ಲದು.

ಕರೆಂಟ್ ಇಲ್ಲವೆಂದು ತಮ್ಮ ಸೂಪರ್‌ಸೆಲ್ ಐಡಿಯನ್ನು (ಆಟದ ಲಾಗಿನ್ ಅನ್ನು) ಇನ್ನೊಬ್ಬರಿಗೆ ಕೊಟ್ಟು ದಾಳಿ ಮಾಡಿಸುವ ಚಾಳಿ ನಮ್ಮ ಜಿಲ್ಲೆಯ ಕ್ಲಾನುಗಳಲ್ಲಿ ಬಹಳ ಇದೆ. ಅಕೌಂಟ್ ಹಂಚಿಕೊಳ್ಳುವುದು ಆಟದ ನಿಯಮಕ್ಕೆ ವಿರುದ್ಧ, ಮನಸ್ತಾಪ ಬಂದ ಮೇಲಂತೂ ಅಪಾಯಕಾರಿ. ಬಿಟ್ಟುಹೋದವರ ಫೋನಿನಲ್ಲಿ ನಿಮ್ಮವರ ಅಕೌಂಟ್ ಇನ್ನೂ ತೆರೆದಿದ್ದರೆ ಇಂದೇ ಮುಚ್ಚಿಸಿ. ಲಾಗಿನ್ ಕೋಡ್ ಬರುವುದು ಇಮೇಲಿಗಾದ್ದರಿಂದ ಅದರ ಪಾಸ್‌ವರ್ಡನ್ನೂ ಬದಲಿಸಲು ಹೇಳಿ.

ಲೆಕ್ಕ ಇಡಲು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಹಲವು ಕ್ಲಾನುಗಳು ಸೇರಿದ ಕೂಟಗಳಿಗೆ ಅದು ಸರಿ, ಆದರೆ ಐವತ್ತು ಮಂದಿಯ ನಮ್ಮಂಥ ಒಂದೇ ಕ್ಲಾನಿಗೆ ವಾಟ್ಸಾಪ್ ಸಾಕು. ದುರ್ಬಲ ಸಿಗ್ನಲ್ಲಿನಲ್ಲೂ ನಾಲ್ಕು ಸಾಲು ಹೋಗಿ ತಲುಪುತ್ತದೆ. ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಗುಂಪನ್ನು ಲೆಕ್ಕಕ್ಕೆಂದೇ ಪ್ರತ್ಯೇಕವಾಗಿ ಇಡಿ. ಆಟದೊಳಗಿನ ಚಾಟನ್ನು ನಂಬಬೇಡಿ, ಹಳೆಯ ಮಾತು ಅಲ್ಲಿ ಉಳಿಯುವುದಿಲ್ಲ.

ಹೋದವರನ್ನು ಸಮಾಧಾನಪಡಿಸಲು ಲೀಡರ್ ಸ್ಥಾನವನ್ನೇ ಬಿಟ್ಟುಕೊಡಲೇ ಎಂದೂ ಕೇಳಿದ್ದೀರಿ. ಬೇಡ. ಕೊಟ್ಟ ಕ್ಷಣದಲ್ಲಿ ನೀವು ಕೋ-ಲೀಡರ್ ಆಗುತ್ತೀರಿ, ನಿಮ್ಮನ್ನು ಉಳಿಸಿಕೊಳ್ಳುವುದೂ ಬಿಡುವುದೂ ಅವರ ಕೈಗೆ ಹೋಗುತ್ತದೆ. ಅದರ ಬದಲು ಫೋನ್ ಮಾಡಿ, ಮೆಸೇಜ್ ಬೇಡ, ಜುಲೈಯ ಹಂಚಿಕೆ ಸರಿಯಿರಲಿಲ್ಲ ಎಂದು ನೇರವಾಗಿ ಹೇಳಿ. ನಿಮ್ಮ ಪಟ್ಟಿಯಲ್ಲಿ ಹೆಸರಿರುವುದರಿಂದ ಈ ಲೀಗನ್ನು ಅವರು ಬೇರೆ ಕ್ಲಾನಿನ ಪರವಾಗಿ ಆಡಲಾರರು, ಮರಳಿ ಬಂದರೆ ಉಳಿದ ದಿನಗಳಲ್ಲಿ ನಿಮಗೇ ಆಡಬಹುದು. ಬಂದ ಮೇಲೆ ಎಲ್ಡರ್ ಮಾತ್ರ ಮಾಡಿ, ಸ್ಥಾನದ ಮಾತನ್ನು ಲೀಗ್ ಮುಗಿದ ಮೇಲೆ ಆಡಿ. ಕಿಕ್ ಆದ ಗೆಳೆಯರಿಗೆ ಮಾತ್ರ ಕಾಯಿಸದೆ ಇಂದೇ ಇನ್ವೈಟ್ ಕಳುಹಿಸಿ. ಬೋನಸ್ ಹಂಚಿದವರು ಅವರಲ್ಲ.