ಅಪ್ಪ ಕಳಿಸುವ 30 ಲಕ್ಷಕ್ಕೆ ಕಾಗದಪತ್ರ ಗಟ್ಟಿ ಮಾಡಿಕೊಳ್ಳಿ
ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕಿದೆ, ಡೌನ್ ಪೇಮೆಂಟಿಗೆ ಅಪ್ಪ ಮೈಸೂರಿನಿಂದ 30 ಲಕ್ಷ ಕಳಿಸಿದರೆ ಮನೆ ಸಾಲಕ್ಕೆ ತೊಂದರೆಯೇ ಎಂದು ಕೇಳಿದ್ದೀರಿ. ಕಾರ್ಡ್‌ನಿಂದ ತೊಂದರೆಯಿಲ್ಲ. ತಡೆಯುವುದು ದುಡ್ಡಿನ ಮೂಲ. ನಿಮ್ಮ ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳ ಆದಾಯದ ಅರ್ಧಕ್ಕಿಂತ ದೊಡ್ಡ ಜಮಾ ಕಂಡರೆ ಸಾಲ ಕೊಡುವವರು ಸಾಮಾನ್ಯವಾಗಿ ಲೆಕ್ಕ ಕೇಳುತ್ತಾರೆ. ಗಿಫ್ಟ್ ಲೆಟರ್ ಮೊದಲೇ ಬರೆಸಿಡಿ: ಮೊತ್ತ, ಅಪ್ಪನ ವಿಳಾಸ, ಫೋನ್, ಸಂಬಂಧ, ಮತ್ತು ‘ಈ ಹಣ ಹಿಂದಿರುಗಿಸಬೇಕಾಗಿಲ್ಲ’ ಎಂಬ ವಾಕ್ಯ. ಆ ವಾಕ್ಯ ಬಿಟ್ಟುಹೋದರೆ ಅದು ಕೈಸಾಲವೇನೋ ಎಂಬ ಅನುಮಾನ ಬಂದು ಫೈಲು ನಿಲ್ಲುತ್ತದೆ. ಅಪ್ಪನ ಖಾತೆಯ ಸ್ಟೇಟ್‌ಮೆಂಟ್, ಹಣ ಕಳಿಸಿದ ರಸೀದಿಯೂ ಜೊತೆಗಿರಲಿ.

ಊರಿನ ಬ್ಯಾಂಕು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ 20% ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗಲೇ ಮುಂಗಡವಾಗಿ ವಸೂಲಿಯಾಗುವ ತೆರಿಗೆ) ಹಿಡಿಯುತ್ತದೆ, ಅಂದರೆ ಇಲ್ಲಿ 4 ಲಕ್ಷ. ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತದೆ ನಿಜ, ಆದರೆ ಹಿರಿಯರ ದುಡ್ಡು ಅಲ್ಲಿಯವರೆಗೆ ಸಿಕ್ಕಿಬೀಳುತ್ತದೆ. ಈ 10 ಲಕ್ಷದ ಮಿತಿ ಒಬ್ಬೊಬ್ಬರಿಗೂ ಬೇರೆ, ಹಾಗಾಗಿ ಅಮ್ಮನ ಸ್ವಂತ ಉಳಿತಾಯವಿದ್ದರೆ 10 ಲಕ್ಷ ಅವರ ಖಾತೆಯಿಂದಲೇ ಬರಲಿ, ಅವರದ್ದೂ ಬೇರೆ ಲೆಟರ್ ಬರೆಸಿ.